ಎಣ್ಣೆ ಮರೆತ ಗ್ಯಾರೇಜು

ಅಪ್ಪನ ಯೆಜ್ಡಿಯನ್ನು ಕಲಬುರಗಿಯ ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಟ್ಯಾಂಕು ತೊಳೆದು, ಕಾರ್ಬ್ಯುರೇಟರ್ ಸ್ವಚ್ಛ ಮಾಡಿ, ಹೊಸ ಪೆಟ್ರೋಲ್ ತುಂಬಿಸಿ ಕೊಟ್ಟರು. ಹುಮನಾಬಾದ್ ರಸ್ತೆ ಹಿಡಿದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಇನ್ನೇನು ಬಂತು ಎನ್ನುವಾಗ ಎಂಜಿನ್ ಬಿಗಿದು ಹಿಂದಿನ ಚಕ್ರ ನಿಂತೇಬಿಟ್ಟಿತು. ಬೀಳುವುದೊಂದು ಬಾಕಿ.

ಊರವರೆಗೆ ತಳ್ಳಿಕೊಂಡು ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ, “ಇದರಾಗ ಎಣ್ಣಿನೇ ಹಾಕಿಲ್ರೀ” ಎಂದರು.

ಆ ಮಾತಿನ ಹಿಂದೊಂದು ಇತಿಹಾಸವಿದೆ. 1960ರಲ್ಲಿ ಮೈಸೂರಿನಲ್ಲಿ ಶುರುವಾದ ಐಡಿಯಲ್ ಜಾವಾ ಕಂಪನಿ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಇಲ್ಲಿ ತಯಾರಿಸಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. ಇವು ಟೂ ಸ್ಟ್ರೋಕ್ ಗಾಡಿಗಳು. ಪಿಸ್ಟನ್ನಿಗೆ, ಬೇರಿಂಗಿಗೆ ಜಿಡ್ಡು ಸಿಗುವುದು ಪೆಟ್ರೋಲಿಗೆ ಬೆರೆಸಿದ ಎಣ್ಣೆಯಿಂದಲೇ. ಇಂದಿನ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಎಣ್ಣೆ ಎಂಜಿನ್ನಿನ ತಳದಲ್ಲಿ ಬೇರೆಯೇ ಇರುತ್ತದೆ. ಅವುಗಳ ಮೇಲೆ ಕೆಲಸ ಕಲಿತ ಹುಡುಗರಿಗೆ ಬೆರೆಸುವ ರೂಢಿಯಿಲ್ಲ. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಗಾಡಿಗಳು ಉಳಿದವು, ಅವನ್ನು ಬಲ್ಲ ಕೈಗಳು ಕಡಿಮೆಯಾದವು.

ಮರುದಿನ ಕಲಬುರಗಿಗೆ ಹೋಗಿ ಕೇಳಿದೆ. “ಹಳೇ ಗಾಡಿರೀ, ಹಂಗೇ ಆಗ್ತದ” ಎಂದ ಗ್ಯಾರೇಜಿನ ಮಾಲೀಕ. ಬಾಟಲಿಯಲ್ಲಿ ಒಯ್ದಿದ್ದ ಟ್ಯಾಂಕಿನ ಪೆಟ್ರೋಲನ್ನು ಮುಂದಿಟ್ಟೆ. ಮೂಸಿ ಸುಮ್ಮನಾದ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಲು ಅರ್ಧ ಖರ್ಚು ಕೊಟ್ಟ.

ಉಳಿದರ್ಧ ನನ್ನ ಪಾಲಿಗೆ ಸರಿಯೇ ಅನಿಸಿತು. ಗಾಡಿ ಕೊಡುವಾಗ ನಾನೂ ಎಣ್ಣೆಯ ಮಾತೆತ್ತಿರಲಿಲ್ಲ. ಅಪ್ಪನಾದರೆ, ಬಂಕಿನಲ್ಲಿ ಎಣ್ಣೆ ಅಳೆದು ಹಾಕುವ ತನಕ ಗಾಡಿಯ ಪಕ್ಕದಿಂದ ಕದಲುತ್ತಿರಲಿಲ್ಲ.