ಅಕ್ವೇರಿಯಂ ಸಂಪ್

ಅಕ್ವೇರಿಯಂ ಸಂಪ್ ಎಂಬುದು ಮೀನುಗಳಿರುವ ಮುಖ್ಯ ತೊಟ್ಟಿಯ ಕೆಳಗೆ, ಸಾಮಾನ್ಯವಾಗಿ ಅದನ್ನು ಹೊತ್ತ ಮೇಜಿನೊಳಗೆ ಇರಿಸುವ ಎರಡನೆಯ ತೊಟ್ಟಿ. ಮುಖ್ಯ ತೊಟ್ಟಿಯ ಮೇಲ್ಮೈ ನೀರು ಗುರುತ್ವದಿಂದ ಸಂಪ್‌ಗೆ ಇಳಿದು, ಅಲ್ಲಿ ಶೋಧನೆಗೊಂಡು, ಪಂಪಿನ ಮೂಲಕ ಮತ್ತೆ ಮೇಲೇರುತ್ತದೆ. ಇದರಿಂದ ವ್ಯವಸ್ಥೆಯ ಒಟ್ಟು ನೀರಿನ ಪ್ರಮಾಣ ಹೆಚ್ಚುತ್ತದೆ. ಹೀಟರ್, ಪ್ರೋಟೀನ್ ಸ್ಕಿಮ್ಮರ್ ಮೊದಲಾದ ಉಪಕರಣಗಳು ಕಣ್ಣಿಗೆ ಬೀಳದಂತೆ ಕೆಳಗೆ ಉಳಿಯುತ್ತವೆ. ಕರ್ನಾಟಕದ ಮನೆಗಳಲ್ಲಿ ಸಂಪ್ ಎಂದರೆ ನೆಲದಡಿಯ ನೀರಿನ ತೊಟ್ಟಿ. ಅಕ್ವೇರಿಯಂ ಸಂಪ್ ಅದರಿಂದ ಬೇರೆಯಾದುದು.

ಹೊಸ ಅಕ್ವೇರಿಯಂ ಕಟ್ಟುವಾಗಲೇ ಸಂಪ್ ಜೋಡಿಸುವುದು ಸುಲಭ. ಈಗಾಗಲೇ ಮೀನುಗಳು ನೆಲೆಸಿರುವ ತೊಟ್ಟಿಗೆ ಅದನ್ನು ಸೇರಿಸುವಾಗ ಎರಡು ಅಪಾಯಗಳಿರುತ್ತವೆ: ಮನೆಯೊಳಗೆ ನೀರು ಚೆಲ್ಲುವುದು ಮತ್ತು ನೆಲೆಗೊಂಡ ಬ್ಯಾಕ್ಟೀರಿಯಾ ನಾಶವಾಗಿ ಮೀನುಗಳು ಸಾಯುವುದು.

ಕಾರ್ಯವಿಧಾನ

ಮುಖ್ಯ ತೊಟ್ಟಿಯ ಅಂಚಿನ ಬಳಿ ನಿರ್ದಿಷ್ಟ ಎತ್ತರದಲ್ಲಿ ಒಂದು ತಡೆ ಇರುತ್ತದೆ. ನೀರು ಆ ತಡೆಯನ್ನು ಮೀರಿದಾಗ ಮಾತ್ರ ಕೆಳಗೆ ಇಳಿಯುತ್ತದೆ. ಪಂಪು ಎಷ್ಟು ನೀರನ್ನು ಮೇಲಕ್ಕೆ ತಳ್ಳುತ್ತದೆಯೋ ಅಷ್ಟೇ ನೀರು ತಡೆಯನ್ನು ದಾಟಿ ಇಳಿಯುವುದರಿಂದ ಹರಿವು ತಾನಾಗಿಯೇ ಸಮತೋಲನಕ್ಕೆ ಬರುತ್ತದೆ. ನೀರನ್ನು ಇಳಿಸಲು ಒಂದು ಪಂಪು, ಏರಿಸಲು ಮತ್ತೊಂದು ಎಂಬ ಯೋಜನೆ ಹೊಸಬರಲ್ಲಿ ಸಾಮಾನ್ಯ. ಎರಡು ಪಂಪುಗಳ ಹರಿವು ಎಂದಿಗೂ ಸರಿಸಮವಾಗಿರದ ಕಾರಣ ಎರಡರಲ್ಲಿ ಒಂದು ತೊಟ್ಟಿ ಬೇಗನೆ ತುಂಬಿ ಹರಿಯುತ್ತದೆ. ಈ ಯೋಜನೆಯನ್ನು ಕೈಬಿಡುವುದೇ ಲೇಸು.

ಸಂಪ್‌ನ ಒಳಭಾಗವನ್ನು ಗಾಜಿನ ವಿಭಜಕಗಳಿಂದ ಕೋಣೆಗಳಾಗಿ ಮಾಡಲಾಗುತ್ತದೆ. ಮೊದಲನೆಯದರಲ್ಲಿ ಕಸ ಹಿಡಿಯುವ ಸ್ಪಂಜು ಅಥವಾ ಬಟ್ಟೆ ಚೀಲ, ನಡುವೆ ಜೈವಿಕ ಶೋಧಕ ಮಾಧ್ಯಮ, ಕೊನೆಯದರಲ್ಲಿ ಪಂಪು ಇರುತ್ತವೆ. ಸಮುದ್ರ ಅಕ್ವೇರಿಯಂಗಳಲ್ಲಿ ಒಂದು ಕೋಣೆಯನ್ನು ಕೀಟೊಮಾರ್ಫಾದಂತಹ ಪಾಚಿ ಬೆಳೆಸಲು ಬಿಡುವುದೂ ಉಂಟು.

ನೀರು ಇಳಿಸುವ ಮಾರ್ಗ

ನೀರು ತುಂಬಿದ ತೊಟ್ಟಿಯ ಗಾಜಿಗೆ ರಂಧ್ರ ಕೊರೆಯಲಾಗದು. ಕೊರೆಯಬೇಕಾದರೆ ಮೀನುಗಳನ್ನು ಬೇರೆಡೆಗೆ ಸಾಗಿಸಿ, ನೀರಿನ ಮಟ್ಟವನ್ನು ರಂಧ್ರದ ಜಾಗಕ್ಕಿಂತ ಬಹಳ ಕೆಳಗೆ ಇಳಿಸಿ, ವಜ್ರದ ಹುಡಿ ಲೇಪಿಸಿದ ಕೊರೆಗವಸನ್ನು ನೀರು ಹನಿಸುತ್ತ ಬಳಸಬೇಕು. ಹದಗೊಳಿಸಿದ ಗಾಜನ್ನು ಕೊರೆದರೆ ಅದು ಕ್ಷಣದಲ್ಲಿ ಚೂರುಚೂರಾಗುತ್ತದೆ. ಅನೇಕ ತೊಟ್ಟಿಗಳ ತಳದ ಗಾಜು ಈ ಬಗೆಯದಾದ್ದರಿಂದ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಕೊರೆಯದೆ ಮಾಡುವ ದಾರಿಯೆಂದರೆ ಅಂಚಿಗೆ ನೇತುಹಾಕುವ ಓವರ್‌ಫ್ಲೋ ಪೆಟ್ಟಿಗೆ. ಇದರ ಬಾಗಿದ ಕೊಳವೆ ಸೈಫನ್ ತತ್ತ್ವದಿಂದ ನೀರನ್ನು ಅಂಚು ದಾಟಿಸುತ್ತದೆ. ಕೊಳವೆಯ ಮೇಲ್ಭಾಗದಲ್ಲಿ ಗಾಳಿಗುಳ್ಳೆಗಳು ಸೇರಿ ಸೈಫನ್ ಕಡಿದರೆ ನೀರು ಇಳಿಯುವುದು ನಿಲ್ಲುತ್ತದೆ, ಪಂಪು ಮಾತ್ರ ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಈ ದೌರ್ಬಲ್ಯದಿಂದಾಗಿ, ಸಾಧ್ಯವಿದ್ದಲ್ಲೆಲ್ಲ ಕೊರೆದ ರಂಧ್ರವನ್ನೇ ಆರಿಸಿಕೊಳ್ಳಬೇಕೆಂಬ ಅಭಿಪ್ರಾಯ ಹವ್ಯಾಸಿಗಳಲ್ಲಿ ಬಲವಾಗಿದೆ. ರಂಧ್ರವಿರುವ ತೊಟ್ಟಿಗಳಲ್ಲಿಯೂ ಮುಖ್ಯ ಕೊಳವೆ ಕಟ್ಟಿಕೊಂಡರೆ ನೆರವಾಗಲು ಇನ್ನೊಂದು ತುರ್ತು ಕೊಳವೆಯನ್ನು ತುಸು ಎತ್ತರದಲ್ಲಿ ಇಡಲಾಗುತ್ತದೆ.

ವಿದ್ಯುತ್ ನಿಂತಾಗ

ಸಂಪ್‌ನ ಗಾತ್ರವನ್ನು ನಿರ್ಧರಿಸುವುದು ಮುಖ್ಯವಾಗಿ ಈ ಸಂದರ್ಭ. ಪಂಪು ನಿಂತೊಡನೆ ತಡೆಯ ಮೇಲಿನ ನೀರೂ ಕೊಳವೆಗಳಲ್ಲಿದ್ದ ನೀರೂ ಕೆಳಗಿಳಿಯುತ್ತವೆ. ಇದಲ್ಲದೆ, ನೀರನ್ನು ಮರಳಿಸುವ ಕೊಳವೆಯ ತುದಿ ಮುಳುಗಿದ್ದರೆ ಅದು ತಾನೇ ಸೈಫನ್ ಆಗಿ, ತುದಿ ಗಾಳಿಗೆ ತೆರೆದುಕೊಳ್ಳುವವರೆಗೂ ನೀರನ್ನು ಹಿಂದಕ್ಕೆ ಎಳೆಯುತ್ತದೆ.

ಉದಾಹರಣೆಗೆ, 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಪ್ರತಿ ಸೆಂಟಿಮೀಟರ್ ಎತ್ತರಕ್ಕೆ 5.4 ಲೀಟರ್ ನೀರಿರುತ್ತದೆ. ಮಟ್ಟ 2 ಸೆಂ.ಮೀ. ಇಳಿದರೆ ಸಂಪ್‌ಗೆ ಬರುವುದು 10.8 ಲೀಟರ್. ಕೊಳವೆಯ ತುದಿ 10 ಸೆಂ.ಮೀ. ಆಳದಲ್ಲಿದ್ದರೆ ಬರುವುದು 54 ಲೀಟರ್. ಸಂಪ್ 75 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರವಿದ್ದು, ಪಂಪು ಓಡುವಾಗ ಅದರಲ್ಲಿ 22 ಸೆಂ.ಮೀ. ನೀರಿದೆ ಎಂದುಕೊಂಡರೆ, ಮೊದಲ ಸಂದರ್ಭದಲ್ಲಿ ಮಟ್ಟ ಸುಮಾರು 26 ಸೆಂ.ಮೀ.ಗೆ ಏರಿ ನಿಲ್ಲುತ್ತದೆ. ಎರಡನೆಯದರಲ್ಲಿ 42 ಸೆಂ.ಮೀ. ಮೀರಬೇಕಾಗುತ್ತದೆ, ಅಂದರೆ ಸುಮಾರು 7 ಲೀಟರ್ ನೆಲದ ಪಾಲಾಗುತ್ತದೆ. ಪರಿಹಾರ ಸರಳ: ಕೊಳವೆಯ ತುದಿಯನ್ನು ಮೇಲ್ಮೈಗೆ ಹತ್ತಿರವಿಡುವುದು, ಇಲ್ಲವೇ ನೀರಿನ ಮಟ್ಟದ ತುಸು ಕೆಳಗೆ ಕೊಳವೆಗೆ ಚಿಕ್ಕ ರಂಧ್ರ ಮಾಡಿ ಸೈಫನ್ ಕಡಿಯುವಂತೆ ಮಾಡುವುದು. ಈ ರಂಧ್ರ ಪಾಚಿಯಿಂದ ಮುಚ್ಚಿಹೋಗದಂತೆ ಆಗಾಗ ಸ್ವಚ್ಛಗೊಳಿಸಬೇಕು. ಹಿಮ್ಮುಖ ಹರಿವು ತಡೆಯುವ ಕವಾಟಗಳೂ ದೊರೆಯುತ್ತವೆ. ಕಸ ಮತ್ತು ಲವಣ ಕಟ್ಟಿ ಅವು ಪೂರ್ತಿ ಮುಚ್ಚದೆ ಹೋಗುವುದರಿಂದ ಅವುಗಳನ್ನಷ್ಟೇ ನೆಚ್ಚಬಾರದು.

ಇದರ ವಿರುದ್ಧ ಸಂದರ್ಭವನ್ನೂ ಲೆಕ್ಕಹಾಕಬೇಕು. ಇಳಿಯುವ ಕೊಳವೆ ಕಟ್ಟಿಕೊಂಡರೆ ಪಂಪು ತನ್ನ ಕೋಣೆಯ ನೀರನ್ನೆಲ್ಲ ಮೇಲಕ್ಕೆ ಸಾಗಿಸುತ್ತದೆ. ಆ ಕೋಣೆಯಲ್ಲಿ ಪಂಪಿನ ಬಾಯಿಯ ಮೇಲೆ 16 ಲೀಟರ್ ನೀರಿದ್ದರೆ ಮೇಲಿನ ತೊಟ್ಟಿಯ ಮಟ್ಟ ಸುಮಾರು 3 ಸೆಂ.ಮೀ. ಏರುತ್ತದೆ, ಅಂಚಿನವರೆಗೆ ಅಷ್ಟು ಜಾಗ ಖಾಲಿ ಇರಲೇಬೇಕು. ಅಳವಡಿಸಿದ ದಿನವೇ ಪಂಪಿನ ಸ್ವಿಚ್ಚನ್ನು ಹಲವು ಬಾರಿ ಆರಿಸಿ, ಹೊತ್ತಿಸಿ ನೀರಿನ ಮಟ್ಟ ಎಲ್ಲಿ ನಿಲ್ಲುತ್ತದೆಂದು ನೋಡಿ, ಸಂಪ್‌ನ ಹೊರಗೋಡೆಯ ಮೇಲೆ ಗರಿಷ್ಠ ಮಟ್ಟದ ಗುರುತು ಹಾಕುವುದು ವಾಡಿಕೆ.

ಜೈವಿಕ ಶೋಧನೆಯ ವರ್ಗಾವಣೆ

ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೋಸೊಮೊನಾಸ್ ಮೊದಲಾದ ಸೂಕ್ಷ್ಮಜೀವಿಗಳು ನೈಟ್ರೈಟ್ ಆಗಿಯೂ ನೈಟ್ರೋಸ್ಪೈರಾದಂತಹವು ಅದನ್ನು ಕಡಿಮೆ ವಿಷದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಇವು ಬಹುಪಾಲು ನೆಲೆಸಿರುವುದು ನೀರಿನಲ್ಲಿ ಅಲ್ಲ, ಹಳೆಯ ಫಿಲ್ಟರಿನ ಸ್ಪಂಜು, ಮಾಧ್ಯಮ ಮತ್ತು ತಳದ ಜಲ್ಲಿಯ ಮೇಲೆ. ಹೀಗಾಗಿ ಸಂಪ್ ಓಡಲಾರಂಭಿಸಿದ ದಿನ ಹಳೆಯ ಫಿಲ್ಟರನ್ನು ತೆಗೆದುಬಿಟ್ಟರೆ, ನೀರು ತಿಳಿಯಾಗಿಯೇ ಕಂಡರೂ ಅಮೋನಿಯಾ ಏರಬಹುದು. ಎರಡನ್ನೂ 4ರಿಂದ 6 ವಾರ ಜೊತೆಯಾಗಿ ಓಡಿಸುವುದು, ಅಥವಾ ಹಳೆಯ ಮಾಧ್ಯಮವನ್ನು ಒಣಗಲು ಬಿಡದೆ ನೇರವಾಗಿ ಸಂಪ್‌ಗೆ ವರ್ಗಾಯಿಸುವುದು ಸುರಕ್ಷಿತ. ಮಾಧ್ಯಮವನ್ನು ತೊಳೆಯಲೇಬೇಕಾದರೆ ತೊಟ್ಟಿಯಿಂದ ತೆಗೆದ ನೀರನ್ನೇ ಬಳಸಬೇಕು. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಈ ಜೀವಿಗಳನ್ನು ಕೊಲ್ಲುತ್ತದೆ. ಈ ಅವಧಿಯಲ್ಲಿ ಮೇವನ್ನು ಕಡಿಮೆ ಮಾಡಿ, ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆಯನ್ನು ಮೊದಲ ಕೆಲವು ದಿನ ದಿನವೂ ಮಾಡಲಾಗುತ್ತದೆ.

ಸಂಪ್ ತುಂಬಲು ಬೇಕಾಗುವ ಹೆಚ್ಚುವರಿ ನೀರು ಕ್ಲೋರಿನ್‌ರಹಿತವಾಗಿ, ತೊಟ್ಟಿಯ ಉಷ್ಣತೆಗೆ ಹೊಂದುವಂತಿರಬೇಕು. ಸಮುದ್ರ ಅಕ್ವೇರಿಯಂ ಆದರೆ ಲವಣಾಂಶವೂ ಹೊಂದಿಕೆಯಾಗಬೇಕು.

ಪಂಪು ಮತ್ತು ನಿರ್ವಹಣೆ

ಪಂಪಿನ ಮೇಲೆ ನಮೂದಿಸಿದ ಹರಿವು ಸಾಮಾನ್ಯವಾಗಿ ನೀರನ್ನು ಎತ್ತಬೇಕಿಲ್ಲದ ಸ್ಥಿತಿಯದು. ಮೇಜಿನ ಕೆಳಗಿಂದ ಮೀಟರಿಗೂ ಹೆಚ್ಚು ಎತ್ತರಕ್ಕೆ ತಳ್ಳುವಾಗ ಅದು ಗಣನೀಯವಾಗಿ ಕುಗ್ಗುತ್ತದೆ. ಗಂಟೆಗೆ ತೊಟ್ಟಿಯ ಪ್ರಮಾಣದ 3ರಿಂದ 5 ಪಟ್ಟು ನೀರು ಸಂಪ್ ಮೂಲಕ ಹಾಯ್ದರೆ ಸಾಕೆಂಬುದು ರೂಢಿಯ ಅಳತೆ.

ಆವಿಯಾದ ನೀರಿನ ಕೊರತೆ ಮುಖ್ಯ ತೊಟ್ಟಿಯಲ್ಲಿ ಕಾಣುವುದಿಲ್ಲ, ಪಂಪಿನ ಕೋಣೆಯಲ್ಲಿ ಮಾತ್ರ ಕಾಣುತ್ತದೆ. ಮಟ್ಟ ಬಹಳ ಇಳಿದರೆ ಪಂಪು ಗಾಳಿ ಎಳೆದು ಕೆಡಬಹುದು. ಸಮುದ್ರ ಅಕ್ವೇರಿಯಂನಲ್ಲಿ ಲವಣ ಆವಿಯಾಗದ ಕಾರಣ ಕೊರತೆಯನ್ನು ಸಿಹಿನೀರಿನಿಂದಲೇ ತುಂಬಬೇಕು. ಹೀಟರನ್ನು ಮಟ್ಟ ಬದಲಾಗದ ಕೋಣೆಯಲ್ಲಿ ಇಡುವುದಕ್ಕೂ ಇದೇ ಕಾರಣ. ವಿದ್ಯುತ್ ತಂತಿಗಳು ಪ್ಲಗ್ಗಿಗಿಂತ ಕೆಳಕ್ಕೆ ಬಾಗಿ ಮೇಲೇರುವಂತಿದ್ದರೆ ತಂತಿಗುಂಟ ಜಾರುವ ಹನಿ ಪ್ಲಗ್ಗನ್ನು ತಲುಪುವುದಿಲ್ಲ.

ಕೊಳವೆಯಲ್ಲಿ ನೀರು ಬೀಳುವ ಸದ್ದು ಸಂಪ್ ಕುರಿತ ಸಾಮಾನ್ಯ ದೂರು. ನೀರು ಬೀಳುವಾಗ ಆಮ್ಲಜನಕ ಚೆನ್ನಾಗಿ ಬೆರೆಯುವುದು ಮೀನುಗಳಿಗೆ ಅನುಕೂಲ. ಇಂಗಾಲದ ಡೈಆಕ್ಸೈಡ್ ಹಾಯಿಸಿ ಸಸ್ಯ ಬೆಳೆಸುವ ತೊಟ್ಟಿಗಳಲ್ಲಿ ಮಾತ್ರ ಆ ಅನಿಲವೂ ಅದೇ ಜಾಗದಲ್ಲಿ ಹೊರಹೋಗುತ್ತದೆ.