ಬೀದರಿನಿಂದ ದುಬೈ ಆಕಾಶಕ್ಕೆ: ಸೂರ್ಯಕಿರಣ ತಂಡದ ಚರಿತ್ರೆ

ಬೀದರ್ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬಹಮನಿ ಸುಲ್ತಾನರ ಕೋಟೆ ಮತ್ತು ಬಿದರಿ ಕಲೆ. ಅದೇ ಊರಿನಲ್ಲಿ ಭಾರತೀಯ ವಾಯುಪಡೆಯ ತರಬೇತಿ ನೆಲೆಯೂ ಇದೆ. ವಾಯುಪಡೆಯ ಪ್ರಸಿದ್ಧ ವೈಮಾನಿಕ ಪ್ರದರ್ಶನ ತಂಡ 'ಸೂರ್ಯಕಿರಣ' 1996ರಲ್ಲಿ ಹುಟ್ಟಿದ್ದು ಅಲ್ಲಿಯೇ. 2021ರ ನವೆಂಬರಿನಲ್ಲಿ ದುಬೈ ಏರ್ ಶೋಗೆ ಬಂದಿದ್ದ ಈ ತಂಡ, ಯುಎಇಯ 'ಅಲ್ ಫುರ್ಸಾನ್' ತಂಡದ ಜೊತೆ ಬುರ್ಜ್ ಖಲೀಫಾ ಮತ್ತು ಪಾಮ್ ಜುಮೇರಾ ಮೇಲೆ ಹಾರಿತು. ನಾವು ದಿನವೂ ನೋಡುವ ಆಕಾಶಕ್ಕೆ ಕರ್ನಾಟಕದ ಒಂದು ಊರಿನ ತಂಡ ಬಂದದ್ದು ಹೇಗೆ ಎಂದು ತಿಳಿಯಲು ನಾನು ಈ ಚರಿತ್ರೆಯನ್ನು ಓದಿದೆ.

ತಂಡದ ಮೊದಲ ವಿಮಾನದ ಹೆಸರು 'ಕಿರಣ್'. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ವಿನ್ಯಾಸಗೊಂಡ ಇದು 1964ರಲ್ಲಿ ಮೊದಲ ಬಾರಿಗೆ ಹಾರಿತು. ಇದು ಹೊಸ ಪೈಲಟ್‌ಗಳಿಗೆ ಕಲಿಸಲು ಮಾಡಿದ ವಿಮಾನ. ಗುರು ಮತ್ತು ಶಿಷ್ಯ ಇದರಲ್ಲಿ ಅಕ್ಕಪಕ್ಕದಲ್ಲೇ ಕೂರುತ್ತಾರೆ. ಆರು ವಿಮಾನಗಳಿಂದ ಆರಂಭವಾದ ಪ್ರದರ್ಶನ ಮುಂದೆ ಒಂಬತ್ತಕ್ಕೆ ಏರಿತು. 2006ರಲ್ಲಿ ತಂಡಕ್ಕೆ 52ನೇ ಸ್ಕ್ವಾಡ್ರನ್ ಎಂಬ ಸ್ಥಾನ ದೊರೆಯಿತು.

ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು 2011ನೇ ವರ್ಷ. ವಾಯುಪಡೆಯ ಆರಂಭಿಕ ತರಬೇತಿ ವಿಮಾನವಾಗಿದ್ದ ಎಚ್‌ಪಿಟಿ-32, ಅಪಘಾತಗಳ ಕಾರಣ 2009ರಲ್ಲಿ ಹಾರಾಟ ನಿಲ್ಲಿಸಿತ್ತು. ಕಲಿಯುವವರಿಗೆ ವಿಮಾನಗಳು ಸಾಲದಾದವು. ಆದ್ದರಿಂದ 2011ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಮುಗಿದ ಮೇಲೆ ಸೂರ್ಯಕಿರಣದ ಪ್ರದರ್ಶನಗಳನ್ನು ನಿಲ್ಲಿಸಿ, ಅದರ ವಿಮಾನಗಳನ್ನು ತರಬೇತಿಗೆ ಕೊಡಲಾಯಿತು. ದೇಶವೇ ಮೆಚ್ಚಿದ್ದ ತಂಡ, ಹೊಸಬರು ಕಲಿಯಲೆಂದು ಆಕಾಶದಿಂದ ಇಳಿಯಿತು.

2015ರಲ್ಲಿ ತಂಡ 'ಹಾಕ್' ವಿಮಾನಗಳೊಂದಿಗೆ ಮತ್ತೆ ಕಟ್ಟಿಕೊಂಡಿತು. ಬ್ರಿಟನ್ ಮೂಲದ ಈ ತರಬೇತಿ ವಿಮಾನವನ್ನು ಎಚ್‌ಎಎಲ್ ಬೆಂಗಳೂರಿನಲ್ಲಿ ತಯಾರಿಸಿತ್ತು. ಆದರೆ ಈ ವಿದ್ಯೆಗೆ ತೆರಬೇಕಾದ ಬೆಲೆ ದೊಡ್ಡದು. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಅಭ್ಯಾಸದ ವೇಳೆ ಎರಡು ಹಾಕ್ ವಿಮಾನಗಳು ಡಿಕ್ಕಿ ಹೊಡೆದು ವಿಂಗ್ ಕಮಾಂಡರ್ ಸಾಹಿಲ್ ಗಾಂಧಿಯವರು ಪ್ರಾಣ ಕಳೆದುಕೊಂಡರು. ಮೂರು ವರ್ಷ ತುಂಬುವ ಮೊದಲೇ ಅದೇ ತಂಡ ದುಬೈಗೆ ಬಂದಿತ್ತು ಎಂಬುದನ್ನು ನೆನೆದರೆ, ಅವರ ಧೈರ್ಯ ಎಂಥದ್ದೆಂದು ಅರ್ಥವಾಗುತ್ತದೆ.

2010ರಲ್ಲಿ ಸ್ಥಾಪನೆಯಾದ ಅಲ್ ಫುರ್ಸಾನ್ ತಂಡ ಅಂದು ಹಾರಿಸಿದ ಇಟಲಿಯ ಎಂಬಿ-339 ಕೂಡ ತರಬೇತಿ ವಿಮಾನವೇ. ಸೂರ್ಯಕಿರಣದ ಬಹುಪಾಲು ಪೈಲಟ್‌ಗಳು ಸ್ವತಃ ಹಾರಾಟದ ಶಿಕ್ಷಕರು. ಹಾಗೆ ನೋಡಿದರೆ ಅಂದು ನಮ್ಮ ಊರಿನ ಮೇಲೆ ಹಾರಿದ್ದು ಎರಡು ದೇಶಗಳ ಪಾಠದ ವಿಮಾನಗಳು.

ವಾರವಿಡೀ ದುಡಿದು, ರಜೆಯ ದಿನವೂ ನಮಗೆ ಕನ್ನಡ ಕಲಿಸಿದ ಶಿಕ್ಷಕರಿಗೆ, ದೂರದಿಂದ ಕಾರಿನಲ್ಲಿ ಕರೆತಂದ ಅಪ್ಪ ಅಮ್ಮಂದಿರಿಗೆ ನನ್ನ ನಮಸ್ಕಾರಗಳು. ಬರುವ ವರ್ಷ ಒಂದನೇ ಹಂತದ ಮಕ್ಕಳಿಗೆ ಅಕ್ಷರ ತಿದ್ದಿಸಲು ಸಹಾಯಕ್ಕೆ ಬರುತ್ತೇನೆಂದು ನಮ್ಮ ಟೀಚರ್‌ಗೆ ಹೇಳಿದ್ದೇನೆ.