ಬಟ್ಟೆಯ ಬೂಟು

ಕೆರ, ಎಕ್ಕಡ, ಮೆಟ್ಟು, ಜೋಡು, ಚಮ್ಮಾವುಗೆ—ಪಾದರಕ್ಷೆಯ ಹೆಸರುಗಳಿಗೆ ಕನ್ನಡದಲ್ಲಿ ಬರವಿಲ್ಲ. ಹೆಸರು ಇಷ್ಟಿದ್ದರೂ ನಮ್ಮ ಹಳ್ಳಿಗಳ ಮಕ್ಕಳು ತಲೆಮಾರುಗಟ್ಟಲೆ ಬರಿಗಾಲಲ್ಲೇ ಬೆಳೆದರು.

ಇದಕ್ಕೆ ಬಡತನವೊಂದೇ ಕಾರಣವಲ್ಲ. ಚರ್ಮ ಮುಟ್ಟಿದರೆ ಮೈಲಿಗೆ ಎಂದವರು ಕೆಲವರು. ಆ ಚರ್ಮವನ್ನು ಹದಮಾಡಿ ಹೊಲಿದುಕೊಟ್ಟವನೋ, ತಾನು ಹೊಲಿದದ್ದನ್ನೇ ಮೆಟ್ಟಿಕೊಂಡು ಮೇಲಿನವರ ಬೀದಿಯಲ್ಲಿ ನಡೆಯುವಂತಿರಲಿಲ್ಲ. ಕಳಚಿ ಕೈಯಲ್ಲಿ ಹಿಡಿದು ಹೋಗಬೇಕಿತ್ತು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿ ತಂದರೆಂಬ ಐತಿಹ್ಯವನ್ನು ಬರಿಯ ಭಕ್ತಿಯ ಕಥೆಯೆಂದು ಓದಿದರೆ ಸಾಲದು.

ಕ್ಯಾನ್ವಾಸ್ ಬೂಟು ಬಂದದ್ದು ಈ ಗೋಜಲಿನ ಹೊರಗಿನಿಂದ. ಮೇಲೆ ಹತ್ತಿಯ ಬಟ್ಟೆ, ಕೆಳಗೆ ರಬ್ಬರು. ಚರ್ಮದ ಮಾತೇ ಇಲ್ಲ. ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಮಾಡುವ ಬಗೆಯನ್ನು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ. 1917ರಲ್ಲಿ ಅಲ್ಲಿಯದೇ ಕಾನ್ವರ್ಸ್ ಕಂಪನಿ ಕಾಲ್ಗಿಣ್ಣು ಮುಚ್ಚುವ ‘ಆಲ್ ಸ್ಟಾರ್’ ಬೂಟನ್ನು ತಂದಿತು. ಬ್ಯಾಸ್ಕೆಟ್‌ಬಾಲ್ ಆಟಗಾರರ ಆ ಬೂಟಿಗಾಗಿಯೇ ಈಗ ನಮ್ಮ ಮನೆಯ ಹುಡುಗರ ಹಟ! ನಮ್ಮ ದೇಶದ ಶಾಲೆಗಳಿಗೆ ಹೊಕ್ಕದ್ದು ಬೇರೆ ಬೂಟು. ಶಾಲಾಮಕ್ಕಳ ವ್ಯಾಯಾಮಕ್ಕೆಂದು ಬಾಟಾ ಕಂಪನಿ 1936ರಲ್ಲಿ ಭಾರತದಲ್ಲಿ ತಯಾರಿಸಿದ ‘ಟೆನಿಸ್’ ಬೂಟು ಅದು. ಗಿಣ್ಣಿನ ಕೆಳಗೇ ನಿಲ್ಲುವಂಥದು.

ನಾನು ಓದಿದ ಗುಬ್ಬಿಯಲ್ಲಿ ಶನಿವಾರ ಡ್ರಿಲ್ಲು; ಅಂದು ಬಿಳಿಯ ಬೂಟೇ ಆಗಬೇಕು. ಅಂಗಡಿಯಲ್ಲಿ ಅಪ್ಪ ಎರಡು ಬೆರಳು ಉದ್ದವಿದ್ದ ಜೊತೆಯನ್ನೇ ಆರಿಸುತ್ತಿದ್ದರು, ಮುಂದಿನ ವರ್ಷಕ್ಕೂ ಬರಲೆಂದು. ತುದಿಗೆ ಹತ್ತಿ ತುರುಕಿಕೊಂಡು ನಡೆಯುತ್ತಿದ್ದೆವು. ಕೊಳೆಯಾದರೆ ಸೀಮೆಸುಣ್ಣವಿತ್ತಲ್ಲ! ಅಡಿಕೆ ಮಂಡಿಯ ಸಾಹುಕಾರರ ಮಗನೂ ಅಲ್ಲಿ ಮೂಟೆ ಹೊರುವವನ ಮಗನೂ ಸಾಲಿನಲ್ಲಿ ನಿಂತರೆ ಇಬ್ಬರ ಕಾಲಿಗೂ ಒಂದೇ ಬೂಟು. ಕೇರಿಯಲ್ಲಿ ಕಾಣದ ಸಮಾನತೆ ಡ್ರಿಲ್ಲಿನ ಬಯಲಿನಲ್ಲಿ ಕಾಣುತ್ತಿತ್ತು. ಕೊಳ್ಳಲಾರದವನು ಹಿಂದಿನ ಸಾಲಿನಲ್ಲಿ ಬರಿಗಾಲಲ್ಲಿ ನಿಲ್ಲುತ್ತಿದ್ದ, ಅದೂ ನಿಜ.

ಅಂಥವನ ಮಾತನ್ನು ಸರ್ಕಾರ ಎತ್ತಿಕೊಂಡದ್ದು ಬಹಳ ತಡವಾಗಿ. 2015-16ರಲ್ಲಿ ಕರ್ನಾಟಕ ಸರ್ಕಾರ ‘ಶೂ ಭಾಗ್ಯ’ ಎಂದು ಹೆಸರಿಟ್ಟು, ಹತ್ತನೆಯ ತರಗತಿಯವರೆಗಿನ ಶಾಲಾಮಕ್ಕಳಿಗೆ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಕಾಲುಚೀಲ ಕೊಡತೊಡಗಿತು. ಹಕ್ಕಾಗಬೇಕಿದ್ದುದು ‘ಭಾಗ್ಯ’ವಾದದ್ದು ನನಗೆ ಅಷ್ಟು ಹಿಡಿಸಿಲ್ಲ, ಹೋಗಲಿ, ಕಾಲಿಗೆ ಬೂಟು ಬಂತು. ಆ ಹೊತ್ತಿಗೇ ಸಂಸತ್ತು ದೌರ್ಜನ್ಯ ತಡೆ ಕಾಯಿದೆಯನ್ನು ತಿದ್ದಿತು. ಪರಿಶಿಷ್ಟರು ಸಾರ್ವಜನಿಕ ಸ್ಥಳದಲ್ಲಿ ಪಾದರಕ್ಷೆ ಧರಿಸದಂತೆ ತಡೆಯುವುದು ಅಪರಾಧವೆಂದು ಅದರಲ್ಲಿ ಬಾಯಿಬಿಟ್ಟು ಬರೆಯಬೇಕಾಯಿತು. ಅದು ಜಾರಿಗೆ ಬಂದದ್ದು 2016ರ ಜನವರಿ 26ರಂದು, ಶಾಲೆಯ ಮಕ್ಕಳು ಬೂಟು ತೊಟ್ಟು ಕವಾಯತು ನಡೆಸುವ ದಿನ.